ಅಪ್ಪನ ಬೆನ್ನ ಹಿಂದೆ ಬಿತ್ತಿದ ಅವರೆ

ಎಪ್ಪತ್ತರ ದಶಕದ ಮಾತು. ಆಗೆಲ್ಲ ನಮ್ಮ ಯಗಟಿ ಕಡೆ ಹೊಲವೆಂದರೆ ಒಂದೇ ಬೆಳೆಯ ಜಾಗವಲ್ಲ. ನಾಲ್ಕಾರು ಸಾಲು ರಾಗಿಯೋ ಜೋಳವೋ ಆದರೆ ನಡುವೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ಹೈಬ್ರಿಡ್ ಜೋಳದ ಚೀಲ ತಂದರು. ಇನ್ನು ಅಕ್ಕಡಿ ಬೇಡ, ಹೊಲವೆಲ್ಲ ಜೋಳವೇ ಎಂದರು.

“ನಮ್ಮವ್ವ ಕೊಟ್ಟ ಅವರೆ ಬೀಜ ಕಣಪ್ಪಾ. ಒಂದು ವರ್ಷ ಬಿತ್ತದಿದ್ರೆ ಹುಳ ಹಿಡಿದು ಹೋಯ್ತದೆ,” ಅಜ್ಜಿ ಅಂಗಲಾಚಿದಳು.

“ಗೊಬ್ಬರ ಜೋಳಕ್ಕೆ ಹಾಕೋದಾ, ನಿನ್ನ ಅವರೆಗೆ ಹಾಕೋದಾ? ಸುಮ್ನಿರವ್ವಾ.”

ಅಜ್ಜಿ ಸುಮ್ಮನಿರುವ ಹೆಂಗಸಲ್ಲ. ಬಿತ್ತನೆಯ ದಿನ ಅಪ್ಪ ಎತ್ತು ಹೊಡೆಯುತ್ತ ಮುಂದೆ, ಕೂರಿಗೆಯ ಬಟ್ಟಲಿಗೆ ಜೋಳ ಬಿಡುತ್ತ ಅಜ್ಜಿ ಹಿಂದೆ, ಅವಳ ಹಿಂದೆ ಲಂಗದ ಮಡಿಲಲ್ಲಿ ಅವರೆ ಬಚ್ಚಿಟ್ಟುಕೊಂಡ ನಾನು. ಆರು ಸಾಲಿಗೊಂದು ಸಾಲು, ಗೇಣಿಗೊಂದು ಕಾಳು ಉದುರಿಸುತ್ತ ನಡೆದೆ. ಅಪ್ಪ ಎತ್ತು ತಿರುಗಿಸುವ ಮೊದಲು ಅಜ್ಜಿ ಕೆಮ್ಮುತ್ತಿದ್ದಳು, ನಾನು ಮಡಿಲು ಮುಚ್ಚುತ್ತಿದ್ದೆ.

ಮೊಳಕೆ ಬಂದಾಗ ಗುಟ್ಟು ರಟ್ಟಾಯಿತು. ಅಪ್ಪ ಕುಂಟೆ ಹೊಡೆದು ಕೀಳಲು ಹೊರಟರೆ ಅಜ್ಜಿ ಅವರೆ ಸಾಲಿನಲ್ಲೇ ಕುಕ್ಕರಿಸಿದಳು. “ಮೊದ್ಲು ನನ್ ಮೇಲೆ ಹೊಡಿ!” ಅಪ್ಪ ಬೈದುಕೊಳ್ಳುತ್ತ ಎತ್ತು ತಿರುಗಿಸಿದರು.

ಜೋಳ ಕಾಳು ಕಟ್ಟುವ ಹೊತ್ತಿಗೆ ಜಡಿಮಳೆ ಹಿಡಿಯಿತು. ಆ ಗಿಡ್ಡ ಜೋಳದ ಒತ್ತೊತ್ತು ತೆನೆಗಳು ಬೂಷ್ಟು ಹಿಡಿದು ಕಪ್ಪಾದವು, ರೊಟ್ಟಿ ಕಹಿಯಾಯಿತು. ಅವರೆಯಾದರೋ ಅದೇ ತೇವ ಉಂಡು, ಚಳಿ ಬಿದ್ದ ಮೇಲೆ ಹೊಲದ ತುಂಬ ಹೂ ಬಿಟ್ಟಿತು. ಇಬ್ಬನಿಯಲ್ಲಿ ಕಾಯಿ ಕಿತ್ತರೆ ಸೊಗಡು ಸಂಜೆವರೆಗೂ ಕೈ ಬಿಡುತ್ತಿರಲಿಲ್ಲ. ಸ್ಕೂಲಲ್ಲಿ ಬೇಕೆಂದೇ ಎಲ್ಲರ ಮೂಗಿಗೆ ಕೈ ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಅವರೆಕಾಳಿನ ಸಾರಿಗೆ ಎರಡನೇ ಮುದ್ದೆ ಮುರಿಯುತ್ತ ಅಪ್ಪ ತಲೆ ಎತ್ತದೆ ಕೇಳಿದರು, “ಅವ್ವಾ, ಮುಂದಿನ್ ವರ್ಷ ನಾಲ್ಕು ಸಾಲಿಗೊಂದು ಹಾಕಣೇನು?”

ಅಜ್ಜಿ ನನ್ನತ್ತ ತಿರುಗಿ, “ಕೇಳುಸ್ತೇನೇ?” ಎಂದಳು. ಗೆದ್ದೆವು ನಾವು! ಆ ಸುಗ್ಗಿಯಲ್ಲಿ ಅರ್ಧ ಊರು ಬೀಜಕ್ಕಾಗಿ ನಮ್ಮ ಜಗಲಿಗೆ ಬಂತು. ಅಜ್ಜಿ ರಾಣಿಯ ಹಾಗೆ ಕೂತು ಬೊಗಸೆ ಬೊಗಸೆ ಕೊಟ್ಟಳು. ಅಷ್ಟು ಸಂತೋಷ ನಾನು ಮತ್ತೆ ಕಂಡಿಲ್ಲ.

ಈಗ ಆ ಹೊಲಗಳಲ್ಲಿ ಮೆಕ್ಕೆಜೋಳವೊಂದೇ. ಅದು ಲಾರಿ ಹತ್ತಿ ಕೋಳಿ ಫಾರಂಗೆ ಹೋಗುತ್ತದೆ, ಅಡುಗೆಮನೆಗೆ ಪ್ಯಾಕೆಟ್ಟು ಬರುತ್ತದೆ. ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ, ನನಗೂ. ರಾಗಿ, ಕಾಳು ತಿನ್ನಿ ಎಂದು ಡಾಕ್ಟರು ಹೇಳಿದ ಮೇಲೆ ಹಿತ್ತಲಲ್ಲಿ ಹಾಕೋಣವೆಂದು ಆ ಅವರೆ ಬೀಜ ಕೇಳುತ್ತ ಊರೆಲ್ಲ ಅಲೆದೆ. ಅಂದು ಅಜ್ಜಿಯಿಂದ ಬೀಜ ಒಯ್ದ ಮನೆಗಳಲ್ಲೂ ಒಂದೇ ಉತ್ತರ: “ಕಡೂರಿಗೆ ಹೋಗ್ರಕ್ಕಾ, ಅಂಗಡೀಲಿ ಸಿಗುತ್ತೆ.”