ಹೆದ್ದಾರಿಯ ಮೇಲಿನ ಕಣ

ನಿನ್ನೆ ತಿಕೋಟಾ ದಾಟಿ ಬಿಜ್ಜರಗಿ ಕಡೆ ಅಗಲವಾದ ಹೊಸ ರಸ್ತೆಯಲ್ಲಿ ಹೋಗುವಾಗ, ಗಾಲಿಗೆ ಸಿಕ್ಕ ಕಡಲೆ ಹೊಟ್ಟಿನ ವಾಸನೆ ಕಾರಿನೊಳಗೆ ಬಂತು.

ನಮ್ಮ ಅಜ್ಜಿಗೆ ಮನೆ ಮುಂದಿನ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಒಣಗಿದ ಕಡಲೆ ಗಿಡ ಹರವಿ, ಲಾರಿ ಬಸ್ಸುಗಳು ಅದರ ಮೇಲೆಯೇ ಹಾಯಲಿ ಎಂದು ಉಳಿದರ್ಧಕ್ಕೆ ಕಲ್ಲು ಇಡುತ್ತಿದ್ದಳು. ಒಕ್ಕಣೆ ಬಿಟ್ಟಿಯಾಗಿ ಆಗುತ್ತಿತ್ತು.

ಒಂದು ಸಂಜೆ ಕಾಳು ಬಳಿದು ಮನೆಗೆ ಹೊತ್ತೆವು. ಕಲ್ಲುಗಳು ಅಲ್ಲೇ ಉಳಿದವು. ಬೈಕಿನವನೊಬ್ಬ ಬಿದ್ದು ಮೊಣಕಾಲು ಒಡೆದುಕೊಂಡ. ಹಿಂದೆ ಬಂದ ಬಸ್ಸಿನ ಡ್ರೈವರ್ ಇಳಿದು ಅವನನ್ನು ಎಬ್ಬಿಸಿ ಕೂರಿಸಿದ. ಆಮೇಲೆ ಒಂದೊಂದೇ ಕಲ್ಲನ್ನು ಬದಿಗೆ ಒಯ್ದಿಟ್ಟು, ಬಾಗಿಲಲ್ಲಿದ್ದ ಅಜ್ಜಿಯತ್ತ ತಿರುಗಿದ.

"ಯವ್ವಾ, ಕಾಳು ಮನಿಗಿ ಒಯ್ದೀರಿ. ಕಲ್ಲು ಯಾರಿಗಿ ಬಿಟ್ಟೀರಿ?"

"ತಪ್ಪಾತೋ ಯಪ್ಪಾ," ಎಂದ ಅಜ್ಜಿ ಮುಖದ ಮೇಲೆ ಸೆರಗು ಎಳೆದುಕೊಂಡಳು. ಬಸ್ಸಿನ ಕಿಟಕಿಗಳ ತುಂಬ ನಮ್ಮೂರಿನ ಮುಖಗಳೇ. ಆ ವರ್ಷ ಆ ಕಡಲೆ ಹಿಟ್ಟಿನ ಝುಣಕ ನನಗೆ ಸೇರಲಿಲ್ಲ.

ನಿನ್ನೆಯ ರಸ್ತೆಯಲ್ಲೂ ಯಾರೋ ಬಿಟ್ಟುಹೋದ ಕಲ್ಲುಗಳಿದ್ದವು. ನಾನು ಜಾಣತನದಿಂದ ಕಾರು ತಪ್ಪಿಸಿ ಮುಂದೆ ಹೋದೆ. ಕನ್ನಡಿಯಲ್ಲಿ ನೋಡಿದರೆ, ಹಿಂದಿದ್ದ ಬಸ್ಸು ನಿಂತಿತ್ತು. ಡ್ರೈವರ್ ಇಳಿದು ಬಾಗಿ ಕಲ್ಲು ಎತ್ತುತ್ತಿದ್ದ.

ಮುಖದ ಮೇಲೆ ಎಳೆದುಕೊಳ್ಳಲು ನನಗೆ ಸೆರಗೂ ಇರಲಿಲ್ಲ.