ಬಮ್ಮಿಗಟ್ಟಿ ಕಾಣವಲ್ದು

ನನಗೆ ಸಂಶಯ ಜಾಸ್ತಿ. ಹಾಲು ನೀರಾಗಿದ್ದರೆ ಹಾಲಿನವನ ಮೇಲೆ ಸಂಶಯ, ಗಟ್ಟಿಯಾಗಿದ್ದರೆ ಅವನ ಮೇಲೆ ಇನ್ನೂ ದೊಡ್ಡ ಸಂಶಯ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಈ ಗುಣ ಒಳ್ಳೆಯದೇ ಎಂದು ಬಹಳ ವರ್ಷ ನಂಬಿದ್ದೆ. ಗುಡಗೇರಿಯ ಒಬ್ಬ ಹೆಣ್ಣುಮಗಳ ಬದುಕಿಗೆ ಕಲ್ಲು ಹಾಕಲು ಹೊರಟ ಮೇಲೆ ಆ ನಂಬಿಕೆ ಸಡಿಲಾಯಿತು.

ನಮ್ಮದು ಬೀಜ, ಗೊಬ್ಬರ ಮಾರುವ ರೈತರ ಸಂಘ. ಮುಖ್ಯ ಕಚೇರಿ ಕುಂದಗೋಳದಲ್ಲಿ. ಗುಡಗೇರಿ, ಬಮ್ಮಿಗಟ್ಟಿ ಹಿಡಿದು ಒಟ್ಟು ಐದು ಶಾಖೆ. ಪ್ರತಿ ಶಾಖೆಯ ದಾಸ್ತಾನಿನ ವಿವರ ಆ ಶಾಖೆಯ ಕಂಪ್ಯೂಟರಿನಲ್ಲೇ ಇರುತ್ತದೆ. ಒಂದು ಶಾಖೆಯಿಂದ ಇನ್ನೊಂದಕ್ಕೆ ನೇರ ದಾರಿಯಿಲ್ಲ, ಎಲ್ಲವೂ ಕುಂದಗೋಳದ ರೂಟರ್ ಹಾಯ್ದೇ ಹೋಗಬೇಕು. ಮೊದಲು ಈ ದಾರಿಗಳನ್ನು ನಾನೇ ಒಂದೊಂದಾಗಿ ಕೈಯಿಂದ ಬರೆದಿಡುತ್ತಿದ್ದೆ. ಅದು ಸಾಕಾಗಿ ಹೋಗಿ, ಎಲ್ಲ ಶಾಖೆಗಳನ್ನೂ ಕುಂದಗೋಳದ ರೂಟರಿನ ಒಂದೇ ಬಾಗಿಲಿಗೆ ತಂದು ಜೋಡಿಸಿ, ಹೊಸದಾಗಿ ರೂಟಿಂಗ್ ಪ್ರೋಟೋಕಾಲ್ ಹಾಕಿದೆ. ಅಂದರೆ ಯಾವ ಊರಿಗೆ ಯಾವ ಕಡೆಯಿಂದ ದಾರಿ ಎಂಬುದನ್ನು ರೂಟರ್‌ಗಳೇ ಒಂದಕ್ಕೊಂದು ಹೇಳಿಕೊಳ್ಳುವ ಏರ್ಪಾಡು. ಕುಂದಗೋಳದಲ್ಲಿ ಕುಳಿತು ನೋಡಿದೆ. ಐದೂ ಶಾಖೆ ಥಟ್ಟನೆ ಉತ್ತರ ಕೊಟ್ಟವು. ಮೀಸೆ ತಿರುವಿಕೊಂಡು ಮನೆಗೆ ಹೋದೆ.

ಮಾರನೆಯ ದಿನವೇ ಗುಡಗೇರಿಯಿಂದ ಫೋನು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು.

"ಸರ್ರ, ಕುಂದಗೋಳ ಬರತೈತ್ರಿ. ಬಮ್ಮಿಗಟ್ಟಿ ಕಾಣವಲ್ದು."

ನಾನು ಕೂತಲ್ಲಿಂದಲೇ ನೋಡಿದೆ. ಗುಡಗೇರಿಯೂ ಇತ್ತು, ಬಮ್ಮಿಗಟ್ಟಿಯೂ ಇತ್ತು. ಎಲ್ಲ ಸರಿ ಇದೆ ಎಂದು ಇಟ್ಟುಬಿಟ್ಟೆ. ಎರಡು ದಿನ ಬಿಟ್ಟು ಮತ್ತೆ ಅದೇ ಫೋನು, ಅದೇ ಮಾತು. ಉಳಿದ ನಾಲ್ಕು ಶಾಖೆಗಳದು ಚಕಾರವಿಲ್ಲ. ನಾಲ್ಕು ಕಡೆ ಇಲ್ಲದ ತಕರಾರು ಈಕೆಗೊಬ್ಬಳಿಗೇ ಏಕೆ? ಬರೋಬ್ಬರಿ ಮಧ್ಯಾಹ್ನ ಒಂದು ಗಂಟೆಗೆ ಫೋನು ಮಾಡಿದರೆ ಎತ್ತುತ್ತಲೂ ಇರಲಿಲ್ಲ. ಮೂರು ದಿನ ಬೇಕೆಂದೇ ಅದೇ ಹೊತ್ತಿಗೆ ಮಾಡಿ ನೋಡಿದೆ, ಮೂರು ದಿನವೂ ಇಲ್ಲ. ನನ್ನ ತಲೆಯಲ್ಲಿ ಲೆಕ್ಕ ಕೂಡಿತು. ರೂಟರಿನ ಪ್ಲಗ್ ಕಿತ್ತು ಚಹಾ ಕಾಸಿಕೊಳ್ಳುತ್ತಾಳೆ, ಬಾಗಿಲು ಹಾಕಿಕೊಂಡು ಹೋಗುತ್ತಾಳೆ, ಆಮೇಲೆ ತಪ್ಪನ್ನು ಲೈನಿನ ಮೇಲೆ ಹಾಕುತ್ತಾಳೆ.

ಸಂಘದ ಕಾರ್ಯದರ್ಶಿಗೆ ಹಾಗೆಂದೇ ಒಂದು ವರದಿ ಬರೆದು ಕೊಟ್ಟೆ. ಅವರು ವರ್ಗಾವಣೆಯ ಪಟ್ಟಿ ಮಾಡುತ್ತ ಕುಳಿತಿದ್ದರು. ಓದಿ ನಕ್ಕರು.

"ಬಮ್ಮಿಗಟ್ಟಿ ಕಾಣವಲ್ದು ಅಂತಾಳಲ್ಲ? ಅಲ್ಲೇ ಹೋಗಿ ನೋಡ್ಲಿ ಬಿಡ್ರಿ."

ಪೆನ್ಸಿಲಿನಿಂದ ಅವಳ ಹೆಸರನ್ನು ಬಮ್ಮಿಗಟ್ಟಿಯ ಮುಂದೆ ಬರೆದರು. ಸೋಮವಾರದ ಸಭೆಯಲ್ಲಿ ಖಾಯಂ ಆಗುತ್ತದೆ ಎಂದರು. ಗುಡಗೇರಿಯಿಂದ ಬಮ್ಮಿಗಟ್ಟಿಗೆ ಹುಬ್ಬಳ್ಳಿ, ಕಲಘಟಗಿ ಸುತ್ತಿ ಮೂರು ಗಾಡಿ ಬದಲಿಸಬೇಕು. ದಿನಾ ಹೋಗಿಬರುವ ಮಾತಲ್ಲ, ನೌಕರಿ ಬಿಡು ಎಂದ ಹಾಗೆಯೇ. ಅದು ಗೊತ್ತಿದ್ದೂ ನಾನೂ ನಕ್ಕೆ.

ಸಭೆಗೆ ಮುಂಚೆ ಕೈಗೆ ಸಾಕ್ಷಿ ಇರಲಿ ಎಂದು ಶನಿವಾರ ಹೇಳದೇ ಕೇಳದೇ ಗುಡಗೇರಿಗೆ ಹೋದೆ. ರೂಟರಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿತ್ತು. ಓಹೋ, ಕೈಯಾಡಿಸುವುದಂತೂ ಖರೆ ಎಂದುಕೊಂಡೆ. ಚಹಾ ತರಿಸಿದಳು, ಅದೂ ಹೊರಗಿನ ಅಂಗಡಿಯದು. ನನ್ನನ್ನು ಕಂಡು ನಾಟಕ ಮಾಡುತ್ತಿದ್ದಾಳೆ ಅನ್ನಿಸಿತು. ಒಂದು ಗಂಟೆಗೆ, ಈಗ ಬಂದೆ ಎಂದು ಹೇಳಿ ಹೊರಟೇಬಿಟ್ಟಳು.

ಅವಳು ಆ ಕಡೆ ಹೋದದ್ದೇ ತಡ, ನಾನು ರೂಟರಿನ ಒಳಗೆ ಹೊಕ್ಕೆ. ಎಷ್ಟು ಸಲ ಬಂದ್ ಆಗಿದೆ, ಯಾವಾಗ ಶುರುವಾಗಿದೆ ಎಂಬುದನ್ನು ಅದು ತಾನೇ ಹೇಳುತ್ತದೆ. ನಲವತ್ತೊಂದು ದಿನ. ಹೊಸ ಪ್ರೋಟೋಕಾಲ್ ಹಾಕುವುದಕ್ಕೂ ಮುಂಚೆ, ನಾನೇ ಬಂದು ಅದನ್ನು ಕೂಡಿಸಿ ಹೋದ ದಿನದಿಂದ ಒಂದು ಕ್ಷಣವೂ ಅದು ಆರಿರಲಿಲ್ಲ. ಕುಂದಗೋಳದಿಂದಲೇ ನೋಡಬಹುದಾಗಿದ್ದ ಒಂದು ಸಾಲು. ನೋಡಿರಲಿಲ್ಲ.

ಆಮೇಲೆ ಅಲ್ಲಿಂದಲೇ ಬಮ್ಮಿಗಟ್ಟಿಯನ್ನು ಹುಡುಕಿದೆ. ಖರೇನೇ ಕಾಣಲಿಲ್ಲ. ಉಳಿದ ಮೂರು ಶಾಖೆಗಳೂ ಕಾಣಲಿಲ್ಲ. ಕುಂದಗೋಳವೊಂದೇ.

ಅಷ್ಟರಲ್ಲಿ ಅವಳು ಬಂದಳು, ಸೊಂಟದ ಮೇಲೆ ಪುಟ್ಟ ಮಗಳು. ಅಂಗನವಾಡಿ ಬಿಡುವ ಹೊತ್ತು, ಕರೆದುಕೊಂಡು ಬರಲು ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದಳು. ಬೇರೆ ಶಾಖೆಯವರು ಯಾಕೆ ಏನೂ ಅನ್ನುತ್ತಿಲ್ಲ ಎಂದು ಕೇಳಿದೆ. ಅವರು ಯಾರೂ ಕಂಪ್ಯೂಟರಿನಲ್ಲಿ ಇನ್ನೊಂದು ಶಾಖೆಯ ದಾಸ್ತಾನು ನೋಡುವುದೇ ಇಲ್ಲವಂತೆ. ಬೇಕಾದಾಗ ಕುಂದಗೋಳಕ್ಕೆ ಫೋನು ಹಚ್ಚಿ ಕೇಳುತ್ತಾರಂತೆ. ಸಂಘ ಹೇಳಿಕೊಟ್ಟ ಹಾಗೆ ನೋಡುತ್ತಿದ್ದವಳು ಇವಳೊಬ್ಬಳೇ.

"ನನಗ ನಿಮ್ಮಷ್ಟು ತಿಳ್ಯಾಂಗಿಲ್ರಿ ಸರ್ರ. ಆದ್ರ ನಮ್ಮ ಮಾತೂ ಕುಂದಗೋಳಕ್ಕ ಮುಟ್ಟತೈತಿ, ಅವರ ಮಾತೂ ಮುಟ್ಟತೈತಿ. ನಡುವಿನವ್ರು ಹೇಳವಲ್ರು, ಅಷ್ಟ."

ಹೇಳವಲ್ರು. ಆ ಮಾತು ಕಪಾಳಕ್ಕೆ ಬಡಿದಂತಾಯಿತು. ಒಂದು ಬಾಗಿಲಿನಿಂದ ಬಂದ ಸುದ್ದಿಯನ್ನು ಅದೇ ಬಾಗಿಲಿನಿಂದ ಹೊರಗೆ ಹೇಳಬಾರದು ಎಂಬ ಕಟ್ಟಳೆ ಆ ಪ್ರೋಟೋಕಾಲಿನಲ್ಲಿ ಮೊದಲಿನಿಂದಲೇ ಇರುತ್ತದೆ. ಸುದ್ದಿ ಸುತ್ತು ಹೊಡೆಯದಿರಲಿ ಎಂದು. ಐದೂ ಶಾಖೆಗಳನ್ನು ಒಂದೇ ಬಾಗಿಲಿಗೆ ತಂದವನು ನಾನು. ಗುಡಗೇರಿಯ ಸುದ್ದಿ ಬಮ್ಮಿಗಟ್ಟಿಗೆ ಹೋಗಲು ಇದ್ದ ಬಾಗಿಲೂ ಅದೇ. ಹಾಗಾಗಿ ಕುಂದಗೋಳ ಎಲ್ಲರದನ್ನೂ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಕುಂದಗೋಳದ ರೂಟರಿಗೆ ಅಲ್ಲಿಂದಲೇ ಒಂದು ಸಾಲಿನ ಆದೇಶ ಕೊಟ್ಟು ಆ ಕಟ್ಟಳೆಯನ್ನು ತೆಗೆದೆ. ಬಮ್ಮಿಗಟ್ಟಿಯ ಶೇಂಗಾ ಬೀಜದ ದಾಸ್ತಾನು ಪರದೆಯ ಮೇಲೆ ಬಂತು.

ಅವಳಿಗೆ ಖುಷಿಯಾಯಿತು. ನನಗೆ ಮುಖ ಎತ್ತಲಾಗಲಿಲ್ಲ. ಅವಳೆದುರೇ ಕಾರ್ಯದರ್ಶಿಗೆ ಫೋನು ಮಾಡಿ, ತಪ್ಪು ನನ್ನದು, ವರದಿ ಹರಿದುಹಾಕಿ, ಆ ಹೆಸರು ಅಳಿಸಿ ಎಂದೆ. ಅವರು ಗೊಣಗುತ್ತಲೇ ಒಪ್ಪಿದರು. ಯಾವ ವರದಿ ಎಂದು ಅವಳು ಕೇಳಿದಳು. ಮುಚ್ಚಿಡದೆ ಎಲ್ಲ ಹೇಳಿದೆ. ಮಗಳ ಕೈಯಿಂದ ಸ್ಟೇಪ್ಲರ್ ಬಿಡಿಸಿಕೊಂಡು ಮೇಜಿನ ಮೇಲಿಟ್ಟಳು.

"ಉಳಿದವರು ಸುಮ್ಮನಿದ್ರು, ನಾ ಹೇಳಿದೆ. ಅದಕ್ಕ ನನ್ನ ಮ್ಯಾಲೆ ಬರದ್ರಿ. ಹೌದಲ್ರಿ?"

ಹೌದು ಎಂದೆ.

ಅವಳು ಈಗಲೂ ಗುಡಗೇರಿಯಲ್ಲೇ ಇದ್ದಾಳೆ. ಅಲ್ಲಿಂದ ನನಗೆ ಆಮೇಲೆ ಒಂದು ಫೋನೂ ಬಂದಿಲ್ಲ. ವಾರಕ್ಕೊಮ್ಮೆ ನಾನೇ ಮಾಡಿ, ಏನಾದರೂ ತಕರಾರು ಇದೆಯೇ ಎಂದು ಕೇಳುತ್ತೇನೆ.

"ಎಲ್ಲಾ ಛಲೋ ಐತ್ರಿ ಸರ್ರ" ಅನ್ನುತ್ತಾಳೆ.

ಆ ಮಾತನ್ನು ನಾನು ಒಂದು ದಿನವೂ ನಂಬಿಲ್ಲ.