ನಾನು ಬಿಟ್ಟ ಹುಲಿ

ಇವತ್ತು ಒಲೆಯ ಮೇಲೆ ತೊಗರಿಕಾಯಿ ಕುದಿಯುತ್ತಿತ್ತು. ಬಲೆಗೆ ಬಿದ್ದ ಹುಲಿಯನ್ನು ಬಿಡಬೇಕೋ ಹೊಡೆಯಬೇಕೋ ಎಂದು ಮೊಬೈಲ್ ಆಟ ಕೇಳಿತು; ಮಗಳು ಬಿಟ್ಟಳು. ಆದರೂ ಅದು ಸತ್ತಿತು.

"ಯಾವ ಬಟನ್ ಒತ್ತಿದ್ರೂ ಸಾಯ್ತದ ಪಪ್ಪಾ."

ಮೈ ಉರಿಯಿತು. ಮತ್ತೆ ಈ ಆಟಕ್ಕೆ ಮಗುವನ್ನು ಕೇಳುವ ನಾಟಕವೇಕೆ?

ನಾನು ಚಿಕ್ಕವನಿದ್ದಾಗ ಭಾಲ್ಕಿಯಲ್ಲಿ ಸೋದರತ್ತೆ ಇದೇ ಘಮದ ತೊಗರಿಕಾಯಿ ಸುಲಿದು ಕೊಡುತ್ತ ಕಥೆ ಹೇಳುತ್ತಿದ್ದಳು. ಒಮ್ಮೆ ನಡುವೆ ನಿಲ್ಲಿಸಿ, "ಹುಲಿ ಬಿಡಬೇಕೋ, ಹೊಡೀಬೇಕೋ?" ಎಂದು ಕೇಳಿದಳು. ಬಿಡು ಎಂದೆ. ಬಿಟ್ಟಳು. ಮರುದಿನ ಅದೇ ಹುಲಿ ಕಥೆಯೊಳಗಿನ ನನ್ನ ಮೆಚ್ಚಿನ ಕರುವನ್ನು ತಿಂದುಹಾಕಿತು. ಎಷ್ಟು ಅತ್ತರೂ ಅತ್ತೆ ಕಥೆ ಬದಲಿಸಲಿಲ್ಲ.

"ಬಿಡು ಅಂದಾಂವ ನೀನೇ. ನಿನ್ನ ಮಾತು ನಾ ಸುಳ್ಳು ಮಾಡ್ಲೇನು?"

ಎರಡು ದಿನ ಅವಳೊಂದಿಗೆ ಮಾತು ಬಿಟ್ಟಿದ್ದೆ.

ಮೊಬೈಲಿನಲ್ಲಿ ಮುಂದಿನ ಪ್ರಶ್ನೆ ಬಂತು. ಮಗಳು ಅದನ್ನು ಓದಲೇ ಇಲ್ಲ. ಯಾವುದೋ ಒಂದು ಬಟನ್ ಒತ್ತಿದಳು.